ಉಗುರಿಗೂ ಕೊಳೆರೋಗ: ಅಮೊರಾಲ್ಫಿನ್ ಲ್ಯಾಕರ್ ಒಂದೂವರೆ ವರ್ಷ ಹಚ್ಚಿದ ಮೇಲೆ

ಮೊದಲು ನಕ್ಷತ್ರ ಕೊಟ್ಟುಬಿಡುತ್ತೇನೆ, ಕತೆ ಆಮೇಲೆ. ಐದಕ್ಕೆ ಮೂರೂವರೆ. ನನ್ನ ಎಡಗಾಲಿನ ಎರಡನೇ ಬೆರಳನ್ನು ಕೇಳಿದರೆ ಐದಕ್ಕೆ ಐದು ಅನ್ನುತ್ತದೆ. ಬಲಗಾಲಿನ ಹೆಬ್ಬೆರಳು ಎರಡು ಕೊಟ್ಟರೆ ಹೆಚ್ಚು. ಎರಡನ್ನೂ ಕೂಡಿಸಿ ಭಾಗಿಸಿದೆ, ಅಷ್ಟೆ.

ವಸ್ತು ಯಾವುದು ಅಂದರೆ, ಅಮೊರಾಲ್ಫಿನ್ 5% ನೇಲ್ ಲ್ಯಾಕರ್. ಉಗುರಿಗೆ ಫಂಗಸ್ ಹಿಡಿದಾಗ ಮೇಲಿನಿಂದ ಹಚ್ಚುವ ಮದ್ದು. ನೋಡಲು ಹೆಣ್ಣುಮಕ್ಕಳ ನೇಲ್ ಪಾಲಿಶ್ ಇದ್ದ ಹಾಗೇ ಇದೆ, ಬಣ್ಣ ಇಲ್ಲ. ಬೇರೆ ಬೇರೆ ಕಂಪನಿಯವರು ಮಾರುತ್ತಾರೆ. ನಾನು ಎರಡು ಕಂಪನಿಯದ್ದು ಹಚ್ಚಿದ್ದೇನೆ, ಉಗುರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಾಗಾಗಿ ಹೆಸರು ಬೇಡ.

ನಂದು ತೀರ್ಥಹಳ್ಳಿ ಕಡೆ ಎರಡೂವರೆ ಎಕರೆ ಅಡಿಕೆ ತೋಟ. ವಯಸ್ಸು ಐವತ್ತಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಾಲು ಒಣಗುವುದು ರಾತ್ರಿ ಹಾಸಿಗೆಯಲ್ಲಿ ಮಾತ್ರ. ಗಂಬೂಟು ಹಾಕಿದರೆ ಒಳಗೆ ಬೆವರು. ಬಿಟ್ಟರೆ ಕೆಸರು, ಇಂಬಳ. ಬೆರಳ ಸಂದಿಯಲ್ಲಿ ಕೆಸರುಹುಣ್ಣು ಆಗುವುದನ್ನು ನಮ್ಮಲ್ಲಿ ಯಾರೂ ಕಾಯಿಲೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಳೆ ಬಂತು, ಹುಣ್ಣು ಬಂತು. ಮಳೆ ಹೋಯಿತು, ಹುಣ್ಣು ಹೋಯಿತು. ನಾನೂ ಹಾಗೇ ಇದ್ದೆ.

2022ರ ದೀಪಾವಳಿ ಎಣ್ಣೆಸ್ನಾನಕ್ಕೆ ಬಚ್ಚಲಲ್ಲಿ ಕೂತಾಗ ಮೊದಲು ಕಂಡದ್ದು. ಬಲಗಾಲಿನ ಹೆಬ್ಬೆರಳ ಉಗುರು, ಹೊರಗಿನ ಮೂಲೆಯಲ್ಲಿ ಹಳದಿ. ಅರಿಶಿನ ಅಂಟಿರಬೇಕು ಅಂದುಕೊಂಡು ಸೀಗೆಪುಡಿ ಹಾಕಿ ಉಜ್ಜಿದೆ. ಹೋಗಲಿಲ್ಲ. ನೋವಿಲ್ಲ, ಕೀವಿಲ್ಲ, ತುರಿಕೆಯೂ ಇಲ್ಲ. ನೋವಿಲ್ಲದ್ದನ್ನು ಯಾರು ನೋಡುತ್ತಾರೆ ಅಲ್ವಾ? ಬೇಸಿಗೆ ಹೊತ್ತಿಗೆ ಹಳದಿ ಅರ್ಧ ಉಗುರಿಗೆ ಬಂದಿತ್ತು. ಉಗುರು ದಪ್ಪ ಆಗಿ ನೇಲ್ ಕಟರ್ ಬಾಯಿಗೆ ಹಿಡಿಯುತ್ತಿರಲಿಲ್ಲ. ಅಡಿಕೆ ಸುಲಿಯುವ ಕತ್ತಿಯಲ್ಲಿ ತುದಿ ಎಬ್ಬಿಸಿದರೆ ಉಗುರಿಗೂ ಮಾಂಸಕ್ಕೂ ನಡುವೆ ಪೊಳ್ಳು. ಹಳೇ ಸುಣ್ಣದ ಗೋಡೆ ಉದುರಿದ ಹಾಗೆ ಅಲ್ಲಿಂದ ಬಿಳಿ ಪುಡಿ ಬೀಳುತ್ತಿತ್ತು. ಒಂಥರಾ ಹಳಸಿದ ವಾಸನೆ ಬೇರೆ. ಅಷ್ಟರಲ್ಲಿ ಎಡಗಾಲಿನ ಎರಡನೇ ಬೆರಳಿನ ತುದಿಯೂ ಹಳದಿ.

ಎಲ್ಲರೂ ಒಂದೊಂದು ಹೇಳಿದರು. ಅಣ್ಣ ಉಗುರುಸುತ್ತು ಅಂದ. ಅಲ್ಲ. ಉಗುರುಸುತ್ತು ಬಂದರೆ ಉಗುರಿನ ಸುತ್ತಲಿನ ಮಾಂಸ ಊದಿ, ಕೆಂಪಾಗಿ, ರಾತ್ರಿಯಿಡೀ ಟಣ್ ಟಣ್ ಅಂತ ಹೊಡೆದುಕೊಳ್ಳುತ್ತದೆ. ಅದರ ಮೇಲೆ ಒನಕೆ ಪೆಟ್ಟು ಬಿದ್ದರೆ ಹೇಗಿರುತ್ತದೆ ಅಂತ ಗಾದೆಯೇ ಇದೆ. ಇದು ಉಗುರಿನ ಒಳಗಿನ ಸಮಾಚಾರ, ಸದ್ದಿಲ್ಲದ್ದು. ಕೆಲಸಕ್ಕೆ ಬರುವವನು ಹಾರೆ ಬಿದ್ದಿರಬೇಕು ಅಂದ. ಅದೂ ಅಲ್ಲ. ಪೆಟ್ಟಿಗೆ ಕಪ್ಪಾದ ಉಗುರು ತಿಂಗಳು ಕಳೆದ ಹಾಗೆ ಮುಂದೆ ಸರಿದು ಹೊರಗೆ ಹೋಗುತ್ತದೆ. ನಂದು ಹಿಂದಕ್ಕೆ, ಬುಡದ ಕಡೆಗೆ ಬರುತ್ತಿತ್ತು.

ಅಮ್ಮ ಆಷಾಢದಲ್ಲಿ ಮದರಂಗಿ ಅರೆದು ಬೆರಳಿಗೆಲ್ಲ ಮೆತ್ತಿದರು. ಕೆಸರುಹುಣ್ಣಿಗೆ ನಮ್ಮಲ್ಲಿ ಅದೇ ಮೊದಲ ಮದ್ದು. ಹುಣ್ಣಿಗೆ ಹಿತ ಅನ್ನಿಸಿತು, ಸುಳ್ಳು ಹೇಳಬಾರದು. ಆದರೆ ಉಗುರೆಲ್ಲ ಕೆಂಪಾಗಿ, ಹಳದಿ ಎಷ್ಟಿದೆ ಅಂತಲೇ ನಾಲ್ಕು ತಿಂಗಳು ಕಾಣಲಿಲ್ಲ. ಒಂದು ಮಳೆಗಾಲ ಹೀಗೆ ಹೋಯಿತು.

ಆಮೇಲೆ ಪೇಟೆಯ ಒಂದು ಮೆಡಿಕಲ್ ಶಾಪಿಗೆ ಹೋದೆ. ಚಪ್ಪಲಿ ಬಿಚ್ಚುವ ಮೊದಲೇ ಟ್ಯೂಬು ಕೈಗೆ ಬಂತು. ಫಂಗಸ್ ಮದ್ದು, ಬ್ಯಾಕ್ಟೀರಿಯಾ ಮದ್ದು, ಸ್ಟಿರಾಯ್ಡ್, ಮೂರೂ ಕಲಸಿದ್ದು. ಬೆರಳ ಸಂದಿಯ ತುರಿಕೆ ಎರಡೇ ದಿನಕ್ಕೆ ಮಾಯ. ಆಹಾ ಅಂದುಕೊಂಡೆ. ಬಿಟ್ಟ ಹತ್ತು ದಿನಕ್ಕೆ ದುಪ್ಪಟ್ಟಾಗಿ ಬಂತು, ತೊಡೆಯ ಸಂದಿಯಲ್ಲಿ ಹುಳುಕಡ್ಡಿಯನ್ನೂ ಕರೆದುಕೊಂಡು ಬಂತು. ಸ್ಟಿರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಫಂಗಸ್‌ಗೆ ಮಾತ್ರ ಒಳಗೊಳಗೇ ಮೇಯಲು ಬಿಡುತ್ತದೆ ಅಂತ ಆಮೇಲೆ ಡಾಕ್ಟರು ಹೇಳಿ ಗೊತ್ತಾಯಿತು. ಇನ್ನು ಆ ಮುಲಾಮು ಉಗುರಿನ ಒಳಗೆ ಇಳಿಯುವುದೇ ಇಲ್ಲ. ಅಷ್ಟು ದಪ್ಪದ ಉಗುರಿಗೆ ಮುಲಾಮು ಸವರುವುದೂ ಒಂದೇ, ಮಾಡಿನ ಹೆಂಚಿನ ಮೇಲೆ ಬೆಣ್ಣೆ ಸವರಿ ಅಡಿಗೆಮನೆ ಘಮಘಮ ಅನ್ನಲಿ ಅಂತ ಕಾಯುವುದೂ ಒಂದೇ.

ಇನ್ನೊಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಡ್ರಮ್ಮಿನಲ್ಲಿ ಬೋರ್ಡೋ ಕಲಸಿ ಇಟ್ಟಿದ್ದೆವು. ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಅಡಿಕೆಯ ಫಂಗಸ್ಸಿಗೆ ಆಗುವುದು ಬೆರಳಿನ ಫಂಗಸ್ಸಿಗೆ ಯಾಕಾಗಬಾರದು ಅಂತ ಚೊಂಬಿನಲ್ಲಿ ತೆಗೆದು ಬೆರಳು ಅದ್ದಿ ಕೂತೆ. ಹುಣ್ಣಾದ ಸಂದಿಗೆ ಅದು ತಾಗಿದಾಗ ಕಂಡ ನಕ್ಷತ್ರಗಳನ್ನು ಇಲ್ಲಿ ಕೊಡಲು ಬರುವುದಿಲ್ಲ. ಚರ್ಮ ಸುಲಿದು ಒಂದು ವಾರ ಕುಂಟಿದೆ. ದಯವಿಟ್ಟು ಯಾರೂ ಮಾಡಬೇಡಿ. ತಮಾಷೆ ಅಂದರೆ, ಕೊಳೆರೋಗ ತರುವುದು ಅಸಲಿಗೆ ಫಂಗಸ್ಸೇ ಅಲ್ಲವಂತೆ, ಫಂಗಸ್ ಹಾಗೆ ಕಾಣುವ ಬೇರೆ ಜಾತಿಯ ಜೀವಿಯಂತೆ. ನನ್ನ ಉಗುರಿನದ್ದೇ ಅಸಲಿ.

2024ರ ಜನವರಿಯಲ್ಲಿ, ಕೊನೆ ಕೊಯ್ಲು ಮುಗಿದ ಮೇಲೆ, ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನವರು. ನಾನು ಫಂಗಸ್ ಅಂತ ಶುರು ಮಾಡಿದೆ. "ಇರಬಹುದು ಯಜಮಾನ್ರೆ, ಇಲ್ಲದೇನೂ ಇರಬಹುದು. ಮೊದಲು ನೋಡೋಣ" ಅಂದರು. ಕೆಟ್ಟು ಕಾಣುವ ಉಗುರುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಫಂಗಸ್ಸಂತೆ. ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇದ್ದರೂ ಉಗುರು ದಪ್ಪ ಆಗುತ್ತದೆ, ಹಳದಿ ಆಗುತ್ತದೆ, ಆದರೆ ಕೈಯ ಉಗುರಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿಗಳೂ ಇರಬಹುದು. ಅದಕ್ಕೇ ಅವರು ಕೈಯ ಹತ್ತೂ ಉಗುರು ನೋಡಿದರು, ಮೊಣಕೈ ನೋಡಿದರು, ತಲೆ ಕೂದಲು ಸರಿಸಿ ನೋಡಿದರು. ಬೂಟು ಒತ್ತಿ ಒತ್ತಿಯೂ ಉಗುರು ದಪ್ಪ ಆಗುತ್ತದೆ. ಉಗುರಿನ ಬುಡದಿಂದ ತುದಿವರೆಗೆ ಕಪ್ಪು ಗೆರೆ ಏನಾದರೂ ಎದ್ದಿದೆಯಾ ಅಂತಲೂ ಕೇಳಿದರು. ಅಂಥದ್ದು ಹೊಸದಾಗಿ ಬಂದು ಅಗಲ ಆಗುತ್ತಿದ್ದರೆ ಸುಮ್ಮನೆ ಬಿಡಬಾರದಂತೆ, ಅಪರೂಪಕ್ಕೆ ಕ್ಯಾನ್ಸರ್ ಇರುತ್ತದೆ.

ತುದಿ ಕತ್ತರಿಸಿ ಎಸೆದರು. ಒಳಗಿನ ಪುಡಿಯನ್ನು, ಒಳ್ಳೆಯ ಉಗುರು ಎಲ್ಲಿಂದ ಶುರುವಾಗುತ್ತದೋ ಅಲ್ಲಿಯವರೆಗೆ ಹೋಗಿ ಕೆರೆದು ತೆಗೆದರು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ನೆನೆಯಲು ಇಟ್ಟರು. ಉಗುರು ಕರಗುತ್ತದೆ, ಫಂಗಸ್ ಕರಗದೆ ಉಳಿಯುತ್ತದೆ. ಎರಡು ಗಂಟೆ ಬಿಟ್ಟು ಬಂದಾಗ ನನಗೂ ಮೈಕ್ರೋಸ್ಕೋಪು ತೋರಿಸಿದರು. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಕಂಡದ್ದು ಎಳೆ ಎಳೆ. ತೆಳ್ಳಗೆ, ಅಲ್ಲಲ್ಲಿ ಗಂಟು ಹಾಕಿ ಕವಲೊಡೆದ ನೂಲು. ತೊಟ್ಟಿಯಲ್ಲಿ ಒಣ ಸೊಪ್ಪು ಎತ್ತಿದಾಗ ಅಡಿಯಲ್ಲಿ ಬಿಳಿ ಬೂಷ್ಟು ಹಬ್ಬಿರುತ್ತದಲ್ಲ, ಅದೇ. ವರ್ಷಕ್ಕೂ ಮೇಲೆ ನನ್ನ ಕಾಲಲ್ಲಿ ಇಷ್ಟು ಅಚ್ಚುಕಟ್ಟಾಗಿ ಸಂಸಾರ ಮಾಡಿಕೊಂಡಿತ್ತು. ಫಂಗಸ್ ಬೆಳೆಸಿ ಜಾತಿ ನೋಡುವ ಕಲ್ಚರ್ ಪರೀಕ್ಷೆಗೂ ಕಳಿಸಿದರು. ಅದು ಬರಲು ನಾಲ್ಕು ವಾರ ಹಿಡಿಯಿತು. ಹೆಸರು ಟ್ರೈಕೊಫೈಟಾನ್ ರೂಬ್ರಮ್. ಕಾಲುಗುರಿನಲ್ಲಿ ಜಾಸ್ತಿ ಸಿಗುವುದು ಇದೇ ಅಂತೆ. ಬೆರಳ ಸಂದಿಯ ಹುಣ್ಣಿನಿಂದಲೇ ಉಗುರಿನ ತುದಿ ಅಡಿಗೆ ನುಗ್ಗಿ ಹಿಂದಕ್ಕೆ ತಿನ್ನುತ್ತಾ ಹೋಗುತ್ತದೆ.

ಲೆಕ್ಕಾಚಾರ ಹೀಗೆ ಕೊಟ್ಟರು. ಎರಡನೇ ಬೆರಳಲ್ಲಿ ತುದಿಯ ಮೂರನೇ ಒಂದು ಭಾಗ ಮಾತ್ರ ಕೆಟ್ಟಿದೆ, ಅದಕ್ಕೆ ಲ್ಯಾಕರ್ ಸಾಕು. ಹೆಬ್ಬೆರಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದೆ, ಒಂದು ಬದಿಯಲ್ಲಿ ಬುಡ ಮುಟ್ಟಿದೆ, ಅದಕ್ಕೆ ಟರ್ಬಿನಾಫಿನ್ ಮಾತ್ರೆ ಬೇಕು. ನಾನು ಮಾತ್ರೆ ಬೇಡವೇ ಬೇಡ ಅಂದೆ. ಚಿಕ್ಕವನಿದ್ದಾಗ ಕಾಮಾಲೆ ಆಗಿ ಮೂರು ತಿಂಗಳು ಮಲಗಿದ್ದೆ. ಆ ಮಾತ್ರೆ ಲಿವರಿಗೆ ತೊಂದರೆ ಅಂತ ಯಾರೋ ತಲೆಗೆ ತುಂಬಿದ್ದರು. ರಕ್ತ ಪರೀಕ್ಷೆ ಮಾಡಿ ನೋಡಿಯೇ ಕೊಡುತ್ತೇನೆ ಅಂದರೂ ಕೇಳಲಿಲ್ಲ. "ಸರಿ, ಎರಡಕ್ಕೂ ಲ್ಯಾಕರ್ ಹಚ್ಚಿ. ಹೆಬ್ಬೆರಳು ನನ್ನ ಹತ್ತಿರ ವಾಪಸ್ ಬರುತ್ತೆ" ಅಂದರು. ಹಾಗಾಗಿ ಆ ಎರಡು ನಕ್ಷತ್ರದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಈಗ ಸೀಸೆಗೆ ಬರೋಣ. ಎರಡೂವರೆ ಎಂಎಲ್, ಹೆಬ್ಬೆರಳಿಗಿಂತ ಚಿಕ್ಕದು. ನಾನು ಕೊಟ್ಟದ್ದು ಐನೂರಕ್ಕೆ ಸ್ವಲ್ಪ ಕಮ್ಮಿ. ಅಂಗಡಿಯಲ್ಲಿ ಎದೆ ಧಸಕ್ ಅಂತು, ಆದರೆ ಎರಡು ಉಗುರಿಗೆ ನಾಲ್ಕು ತಿಂಗಳ ಮೇಲೆ ಬಂತು. ಡಬ್ಬಿಯಲ್ಲಿ ಉಗುರು ಉಜ್ಜುವ ಅರ, ಸ್ಪಿರಿಟ್ ಬಟ್ಟೆ, ಹಚ್ಚಲು ಪ್ಲಾಸ್ಟಿಕ್ ಕಡ್ಡಿ ಇರುತ್ತವೆ. ವಾರಕ್ಕೊಮ್ಮೆ ಕೆಲಸ. ನಂದು ಭಾನುವಾರ ಸ್ನಾನದ ಮೇಲೆ, ಜಗಲಿಯಲ್ಲಿ ಬೆಳಕಿಗೆ ಕೂತು.

ಮೊದಲು ಅರದಿಂದ ಉಗುರಿನ ಮೇಲ್ಮೈ ಉಜ್ಜಬೇಕು. ಇದನ್ನು ಬಿಟ್ಟರೆ ಹಚ್ಚಿದ್ದು ದಂಡ. ನಾನು ಮೊದಲ ತಿಂಗಳು ಸೋಮಾರಿತನದಿಂದ ಸುಮ್ನೆ ಎರಡು ಸಲ ಎಳೆದು ಬಿಡುತ್ತಿದ್ದೆ. ಆಮೇಲೆ ತೋಟದ ಲೆಕ್ಕದಲ್ಲಿ ಯೋಚಿಸಿದೆ. ಬೋರ್ಡೋಗೆ ನಾವು ರಾಳ ಯಾಕೆ ಹಾಕುತ್ತೇವೆ? ಮಳೆಗೆ ಮದ್ದು ತೊಳೆದುಹೋಗದೆ ಗೊನೆಗೆ ಅಂಟಿ ಕೂರಲಿ ಅಂತ. ಲ್ಯಾಕರೂ ಅದೇ, ರಾಳ ಸೇರಿಸಿದ ಮದ್ದು. ಒಣಗಿ ಪೊರೆ ಆಗಿ ವಾರವಿಡೀ ಅಂಟಿಕೊಂಡಿದ್ದು ನಿಧಾನಕ್ಕೆ ಒಳಗೆ ಇಳಿಯಬೇಕು. ಕೆಟ್ಟ ಉಗುರಿನ ದಪ್ಪ ಕಮ್ಮಿ ಮಾಡದಿದ್ದರೆ ಎಲ್ಲಿಗೆ ಇಳಿಯುತ್ತದೆ? 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಸಾಹೇಬರು ಕೊಳೆರೋಗದ ಹಿಂದೆ ಬಿದ್ದು ಬೋರ್ಡೋವನ್ನು ಮಲೆನಾಡಿನ ತೋಟಕ್ಕೆ ಹಿಡಿಸಿದರು. ಮಲೆನಾಡಿನ ಮಳೆಯಲ್ಲಿ ಮದ್ದು ಗೊನೆಗೆ ಅಂಟಿ ನಿಲ್ಲುವುದೇ ದೊಡ್ಡ ಪ್ರಶ್ನೆ. ನಮಗೆ ಇಷ್ಟು ವರ್ಷದಿಂದ ಗೊತ್ತಿರುವ ವಿದ್ಯೆ, ಕಾಲಿಗೆ ಬಂದಾಗ ನೆನಪಾಗಲಿಲ್ಲ ನೋಡಿ.

ಉಜ್ಜಿದ ಮೇಲೆ ಸ್ಪಿರಿಟ್ ಬಟ್ಟೆಯಿಂದ ಹಳೇ ಪೊರೆ, ಪುಡಿ ಎಲ್ಲ ಒರೆಸಬೇಕು. ಕಡ್ಡಿ ಅದ್ದಿ ಉಗುರಿಡೀ ತೆಳ್ಳಗೆ ಸವರಬೇಕು. ಅಂಚಿನ ಅಡಿಗೂ ಬಿಡಬೇಕು. ಐದು ನಿಮಿಷ ಅಲ್ಲಾಡದೆ ಕೂರಬೇಕು. ಕೆಟ್ಟ ಉಗುರಿಗೆ ಬಳಸಿದ ಅರ ಒಳ್ಳೆಯ ಉಗುರಿಗೆ ತಾಗಿಸಬಾರದು. ನೇಲ್ ಕಟರ್ ಕೂಡ ಬೇರೆ ಇಡಿ. ನಮ್ಮ ಮನೆಯಲ್ಲಿ ನನ್ನದಕ್ಕೆ ಕೆಂಪು ದಾರ ಕಟ್ಟಿದೆ, ಇವತ್ತಿಗೂ ಯಾರೂ ಮುಟ್ಟುವುದಿಲ್ಲ. "ಅಪ್ಪ ನೇಲ್ ಪಾಲಿಶ್ ಹಾಕ್ಕೊಳ್ತಿದಾರೆ" ಅಂತ ಮಗಳು ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದಳು.

ದೂರು ಎರಡು. ಸೀಸೆಯ ಬಾಯಿ ಪ್ರತಿ ಸಲ ಒರೆಸದಿದ್ದರೆ ಮುಚ್ಚಳ ಕಚ್ಚಿ ಕೂರುತ್ತದೆ. ಒಮ್ಮೆ ಇಕ್ಕಳ ಹಾಕಿ ತಿರುಗಿಸಿದೆ, ಮುಚ್ಚಳ ಒಡೆದು ಕಾಲುಭಾಗ ಪಂಚೆಗೆ ಹೋಯಿತು. ಒಳಗಿನ ಚೀಟಿಯ ಅಕ್ಷರವೋ, ಇರುವೆ ಸಾಲು. ಐವತ್ತು ದಾಟಿದವರ ಕಾಲಿಗೇ ಜಾಸ್ತಿ ಬರುವ ಕಾಯಿಲೆಗೆ ಅಷ್ಟು ಸಣ್ಣ ಅಕ್ಷರದಲ್ಲಿ ಚೀಟಿ ಬರೆಯುವವರಿಗೆ ಏನು ಹೇಳುವುದು?

ಹಚ್ಚಿದ್ದು ಹಿಡಿಯುತ್ತಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಇದನ್ನು ಡಾಕ್ಟರು ತೋರಿಸಿಕೊಟ್ಟರು. ಕೆಟ್ಟ ಭಾಗ ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಉಗುರಿನ ಮೇಲೆ ಅಡ್ಡಕ್ಕೆ ಒಂದು ಸಣ್ಣ ಗೀರು ಹಾಕಿದರು. ಉಗುರು ಬೆಳೆದ ಹಾಗೆ ಗೀರು ಮುಂದೆ ಹೋಗುತ್ತದೆ. ಹಳದಿ ಗೀರಿನ ಮುಂದೆಯೇ ಉಳಿದರೆ ಗೆದ್ದಿರಿ. ಗೀರು ದಾಟಿ ಹಿಂದಕ್ಕೆ ಬಂದರೆ ಸೋತಿರಿ. ಹಳದಿಯಾದ ಉಗುರು ಮತ್ತೆ ತಿಳಿ ಆಗುವುದಿಲ್ಲ. ಅದು ಬೆಳೆದು ಹೊರಗೆ ಹೋಗಬೇಕು, ಹಿಂದಿನಿಂದ ಒಳ್ಳೆಯದು ಬರಬೇಕು. ಕಾಲುಗುರು ಬೆಳೆಯುವುದು ತಿಂಗಳಿಗೆ ಒಂದು ಒಂದೂವರೆ ಮಿಲಿಮೀಟರ್. ಹೆಬ್ಬೆರಳ ಉಗುರು ಪೂರ್ತಿ ಬದಲಾಗಲು ಒಂದು ವರ್ಷದಿಂದ ಒಂದೂವರೆ ವರ್ಷ. "ಒಂದು ತಿಂಗಳು ಹಚ್ಚಿದೆ, ಏನೂ ಆಗಲಿಲ್ಲ, ದುಡ್ಡು ದಂಡ" ಅಂತ ಒಂದು ನಕ್ಷತ್ರ ಕೊಟ್ಟವರನ್ನು ನೋಡಿದ್ದೇನೆ. ಸಸಿ ನೆಟ್ಟ ತಿಂಗಳಿಗೇ ಗೊನೆ ಕೇಳಿದ ಹಾಗಾಯಿತು ಅದು.

ನಾನು ಪ್ರತಿ ತಿಂಗಳ ಮೊದಲ ಭಾನುವಾರ ಮಗಳ ಹಳೇ ಸ್ಕೇಲ್ ಇಟ್ಟು ಅಳೆದು ತೋಟದ ಡೈರಿಯಲ್ಲೇ ಬರೆಯುತ್ತಿದ್ದೆ. ಗೊಬ್ಬರ ಎಷ್ಟು ಚೀಲ, ಮಳೆ ಎಷ್ಟು, ಉಗುರು ಎಷ್ಟು. ಎರಡನೇ ಬೆರಳು ಜುಲೈ ಕೊನೆಗೆ ಚೊಕ್ಕ. ಕೊನೆಯ ಹಳದಿ ಚೂರು ಕಟರ್‌ನಲ್ಲಿ ಟಕ್ ಅಂತ ಬಿದ್ದದ್ದು ಮೊದಲ ಮಳೆಯಷ್ಟೇ ಖುಷಿ ಕೊಟ್ಟಿತು. ಹೆಬ್ಬೆರಳಲ್ಲಿ ಗೀರು ಏಳು ಮಿಲಿಮೀಟರ್ ಮುಂದೆ ಹೋಗಿತ್ತು. ಒಳಬದಿ ಸ್ವಲ್ಪ ತಿಳಿ. ಹೊರಬದಿಯಲ್ಲಿ ಹಳದಿ ಗೀರು ದಾಟಿ ಬುಡಕ್ಕೇ ಅಂಟಿಕೊಂಡಿತ್ತು.

ಹೆಬ್ಬೆರಳನ್ನು ಕರೆದುಕೊಂಡು ವಾಪಸ್ ಹೋದೆ. ಡಾಕ್ಟರು ನಾನು ಹೇಳಿರಲಿಲ್ವಾ ಅನ್ನಲಿಲ್ಲ, ಅದು ಅವರ ದೊಡ್ಡತನ. ಲಿವರ್ ಪರೀಕ್ಷೆ ಮಾಡಿಸಿದರು, ಸರಿಯಾಗಿತ್ತು. ಟರ್ಬಿನಾಫಿನ್ 250 ಮಿಲಿಗ್ರಾಂ, ದಿನಕ್ಕೊಂದು, ಹನ್ನೆರಡು ವಾರ. ಆರನೇ ವಾರಕ್ಕೆ ಇನ್ನೊಮ್ಮೆ ರಕ್ತ ನೋಡಿದರು. ಜೊತೆಗೆ ಲ್ಯಾಕರ್ ಮುಂದುವರಿಸಿ ಅಂದರು. ಕಣ್ಣು ಹಳದಿ ಆದರೆ, ಮೂತ್ರ ಕಡುಬಣ್ಣಕ್ಕೆ ಬಂದರೆ, ನಾಲಗೆಗೆ ರುಚಿ ತಪ್ಪಿದರೆ ಮಾತ್ರೆ ನಿಲ್ಲಿಸಿ ಬನ್ನಿ ಅಂತ ಎಚ್ಚರಿಸಿದ್ದರು. ಮೂರು ತಿಂಗಳು ಊಟಕ್ಕೆ ಕೂತ ಕೂಡಲೇ ಮೊದಲು ಅಪ್ಪೆಹುಳಿ ಕುಡಿದು ಹುಳಿ ಇದೆಯಾ ಅಂತ ನೋಡುವುದೇ ನನ್ನ ಕೆಲಸ. ಒಂದು ದಿನ ಎದೆ ಝಲ್ ಅಂತು, ಪೂರ್ತಿ ಸಪ್ಪೆ. "ಏನ್ರಿ, ಇವತ್ತು ಮಾವಿನಕಾಯಿ ಹಾಕೋದೇ ಮರೆತೆ" ಅಂದಳು ಇವಳು ಒಳಗಿನಿಂದ.

ನಿಮ್ಮ ಪಕ್ಕದ ಮನೆಯವರು ತಿಂದರು ಅಂತ ಆ ಮಾತ್ರೆ ನೀವೇ ತಂದು ತಿನ್ನಬೇಡಿ. ಲಿವರ್ ತೊಂದರೆ ಇದ್ದವರಿಗೆ ಕೊಡುವುದಿಲ್ಲ, ಕೆಲವು ಬೇರೆ ಮಾತ್ರೆಗಳ ಜೊತೆ ಹೊಂದುವುದಿಲ್ಲ. ಅಣ್ಣನಿಗೆ ಸಕ್ಕರೆ ಕಾಯಿಲೆ, ಅವನ ಉಗುರೂ ಹೀಗೇ ಇದೆ ಅಂತ ಆಗಲೇ ಗೊತ್ತಾದದ್ದು. ಅವನು ಬ್ಲೇಡಿನಲ್ಲಿ ಕೆತ್ತಿಕೊಳ್ಳುತ್ತಿದ್ದ. ಕಾಲು ಜೋಮು ಹಿಡಿದವರು ಹಾಗೆ ಗಾಯ ಮಾಡಿಕೊಂಡರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ. ಬೈದು ಕರೆದುಕೊಂಡು ಹೋದೆ.

ಮಾತ್ರೆ ಅಕ್ಟೋಬರ್‌ಗೆ ಮುಗಿಯಿತು. ಉಗುರು ನೋಡಲು ಇನ್ನೂ ಹಾಗೇ ಇತ್ತು. ನಿಲ್ಲಿಸಿದ ಮೇಲೂ ಮದ್ದು ಉಗುರಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಕಾಯಿರಿ ಅಂದರು. ಸಂಕ್ರಾಂತಿ ಹೊತ್ತಿಗೆ ಬುಡದಲ್ಲಿ ಗುಲಾಬಿ ಬಣ್ಣದ ತೆಳ್ಳಗಿನ ಉಗುರು, ಎಳೇ ಮಗುವಿನದ್ದರ ಹಾಗೆ. ಲ್ಯಾಕರ್ 2025ರ ಜೂನ್‌ವರೆಗೆ ಹಚ್ಚಿದೆ. ಹಳೆಯದು ಪೂರ್ತಿ ಹೋದದ್ದು ಸೆಪ್ಟೆಂಬರ್‌ನಲ್ಲಿ. ಹೊರಬದಿಯ ಅಂಚು ಸ್ವಲ್ಪ ಸೊಟ್ಟ ಉಳಿದಿದೆ. ಪುಡಿ ತೆಗೆದು ಮತ್ತೆ ನೋಡಿದರು, ಎಳೆಗಳಿಲ್ಲ.

ಮತ್ತೆ ಬರುವುದು ಜಾಸ್ತಿ ಅಂತ ಮೊದಲೇ ಹೇಳಿದ್ದರು. ಬರುವುದು ಸಂದಿಯ ಹುಣ್ಣಿನಿಂದ, ಒದ್ದೆ ಬೂಟಿನಿಂದ. ಈ ಮಳೆಗಾಲದಲ್ಲಿ ಎರಡು ಜೊತೆ ಗಂಬೂಟು ಇಟ್ಟುಕೊಂಡೆ. ಇವತ್ತು ಹಾಕಿದ್ದು ನಾಳೆ ಇಲ್ಲ. ಬಿಚ್ಚಿದ ಜೊತೆಯ ಒಳಗೆ ಒರೆಸಿ, ಬಚ್ಚಲ ಒಲೆಯ ಪಕ್ಕ ಕವುಚಿ ಇಡುತ್ತೇನೆ. ತೀರಾ ಹತ್ತಿರ ಇಟ್ಟು ಒಂದು ಬೂಟಿನ ಮೂತಿ ಕರಗಿದ್ದೂ ಆಯಿತು. ರಾತ್ರಿ ಬೆರಳ ಸಂದಿ ಒಣ ಬಟ್ಟೆಯಲ್ಲಿ ಒರೆಸಿ ಫಂಗಸ್ ಪೌಡರು. ಸಂದಿ ಬೆಳ್ಳಗೆ ಬೆಂದ ಹಾಗೆ ಕಂಡ ದಿನವೇ ಸ್ಟಿರಾಯ್ಡ್ ಇಲ್ಲದ ಬರೀ ಫಂಗಸ್ ಮುಲಾಮು. ಬೋರ್ಡೋವನ್ನೂ ಕೊಳೆ ಬಂದ ಮೇಲೆ ಹೊಡೆದರೆ ಏನು ಪ್ರಯೋಜನ? ಮಳೆ ಹಿಡಿಯುವ ಮೊದಲೇ ಹೊಡೆಯಬೇಕು.

ಮೂರನೇ ಸೀಸೆಯಲ್ಲಿ ಇನ್ನೂ ಕಾಲುಭಾಗ ಮದ್ದು ಉಳಿದಿದೆ. ಕೆಲಸಕ್ಕೆ ಬರುವವನು ಮೊನ್ನೆ ತನ್ನ ಕಾಲು ತೋರಿಸಿ "ಅಣ್ಣ, ಅದನ್ನ ನಂಗೆ ಕೊಟ್ಬಿಡಿ" ಅಂದ. ನೋಡಿದೆ. ಉಗುರು ಕಪ್ಪು, ಬುಡದ ಹತ್ತಿರ ಆಗಲೇ ಬಿಳಿ ಉಗುರು ಬರುತ್ತಿದೆ. "ನಿಂದು ಹಾರೆ ಬಿದ್ದದ್ದು ಮಾರಾಯ" ಅಂದೆ. ನಂಬಲಿಲ್ಲ. ಸೋಮವಾರ ಶಿವಮೊಗ್ಗಕ್ಕೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗುತ್ತಿದ್ದೇನೆ.